ಹಬೆಗಂಡಿಗಳೂ ಜಮಖಂಡಿಯ ತೂತುಗಲ್ಲೂ

ಜ್ವಾಲಾಮುಖಿಯ ಬಾಯಲ್ಲೋ ಇಳಿಜಾರಿನ ಬಿರುಕಿನಲ್ಲೋ ಲಾವಾ ಉಕ್ಕದೆ ಬರೀ ಹಬೆ, ಬಿಸಿ ಅನಿಲ ಹೊರಬೀಳುವ ಜಾಗವೇ ಹಬೆಗಂಡಿ; ಭೂವಿಜ್ಞಾನದಲ್ಲಿ ಇದಕ್ಕೆ ಫ್ಯೂಮರೋಲ್ ಎಂಬ ಹೆಸರು. ಆಳದ ಶಿಲಾಪಾಕ ಮೇಲೇರಿದಂತೆ ಅದರ ಮೇಲಿನ ಒತ್ತಡ ತಗ್ಗಿ, ಅದರಲ್ಲಿ ಕರಗಿದ್ದ ಅನಿಲಗಳು ಬಿಡಿಸಿಕೊಂಡು ಬಿರುಕು ಹಿಡಿದು ಬರುತ್ತವೆ. ಇಂಗಿದ ಮಳೆನೀರೂ ಬಿಸಿಬಂಡೆಗೆ ತಾಗಿ ಹಬೆಯಾಗಿ ಅವುಗಳ ಜೊತೆ ಸೇರುತ್ತದೆ. ಹೊರಬರುವುದರಲ್ಲಿ ಹೆಚ್ಚಿನ ಪಾಲು ನೀರಾವಿಯೇ. ಉಳಿದದ್ದು ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮುಂತಾದವು. ಗಂಧಕ ಹೆಚ್ಚಿದ್ದರೆ ಗಂಡಿಯ ಅಂಚಿನಲ್ಲಿ ಹಳದಿ ಹರಳು ಕಟ್ಟುತ್ತದೆ.

ಒಳಗಿನ ಶಾಖ ಆರಿದರೆ ಹಬೆಗಂಡಿಯೂ ಆರುತ್ತದೆ. ಅಲಾಸ್ಕದಲ್ಲಿ 1912ರ ಸ್ಫೋಟದ ಬಿಸಿಬೂದಿ ತುಂಬಿದ ಕಣಿವೆಗೆ ‘ಹತ್ತು ಸಾವಿರ ಹೊಗೆಗಳ ಕಣಿವೆ’ ಎಂದು ಹೆಸರಾಯಿತು. ಕೆಲವೇ ದಶಕಗಳಲ್ಲಿ ಆ ಹೊಗೆಗಳು ಬಹುಪಾಲು ನಿಂತವು. ಭಾರತದಲ್ಲಿ ಇಂದಿಗೂ ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದ್ದು. ದೀರ್ಘಕಾಲ ತಣ್ಣಗಿದ್ದು 1991ರಲ್ಲಿ ಅದು ಮತ್ತೆ ಸಿಡಿಯಿತು.

ಕರ್ನಾಟಕದಲ್ಲಿ ಹಬೆಗಂಡಿಗಳಿಲ್ಲ. ಪುತ್ತೂರು ಬಳಿಯ ಬೆಂದ್ರು ತೀರ್ಥದ ಬೆಚ್ಚನೆಯ ನೀರಿಗೂ ಜ್ವಾಲಾಮುಖಿ ಕಾರಣವಲ್ಲ. ಆದರೆ ಹಿಂದೆ ಲಾವಾ ಹರಿದ ನೆಲ ರಾಜ್ಯದ ಉತ್ತರದಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಉದ್ದುದ್ದ ಸೀಳಿ ಉಕ್ಕಿದ ಲಾವಾ ಪದರಪದರವಾಗಿ ಹರಡಿತು. ಅದೇ ಡೆಕ್ಕನ್ ಟ್ರ್ಯಾಪ್. ಅದರ ದಕ್ಷಿಣದ ಅಂಚು ಜಮಖಂಡಿ ಸೀಮೆಯನ್ನು ಮುಟ್ಟುತ್ತದೆ. ಕೃಷ್ಣೆಯ ದಂಡೆಯ ರಬಕವಿ-ಬನಹಟ್ಟಿಯಿಂದ ಮುಧೋಳ, ಬೀಳಗಿ ಕಡೆ ಸಾಗಿದರೆ ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು, ಮರಳುಗಲ್ಲು ಎದುರಾಗುತ್ತವೆ. ಇವು ಲಾವಾ ಬರುವುದಕ್ಕೆ ಬಹಳ ಮೊದಲೇ ನೀರಿನಡಿ ಮಡ್ಡಿ ಕೂಡಿ ಆದವು.

ಲಾವಾ ಹರಿಯುವಾಗ ಅದರೊಳಗಿನ ಅನಿಲ ಗುಳ್ಳೆಯಾಗಿ ಮೇಲ್ಮೈಗೆ ಏರುತ್ತದೆ. ಹೊರಬೀಳುವ ಮೊದಲೇ ಮೇಲ್ಪದರ ಗಟ್ಟಿಯಾದರೆ ಗುಳ್ಳೆ ಅಲ್ಲೇ ಸಿಕ್ಕಿಬಿದ್ದು ತೂತಾಗಿ ಉಳಿಯುತ್ತದೆ. ಹೀಗಾಗಿ ಲಾವಾ ಪದರದ ನಡುಭಾಗ ಗಟ್ಟಿ ಕರಿಕಲ್ಲು, ಮೇಲ್ಭಾಗ ತೂತುಗಲ್ಲು. ಮುಂದೆ ಈ ತೂತುಗಳಲ್ಲಿ ಖನಿಜ ಕರಗಿದ ನೀರು ಇಳಿದು ಕ್ಯಾಲ್ಸೈಟ್, ಜಿಯೋಲೈಟ್, ಅಗೇಟ್ ಕೂಡುತ್ತವೆ. ಕಲ್ಲು ಸವೆದು ಪುಡಿಯಾದಲ್ಲಿ ತೇವ ಹಿಡಿದಿಡುವ ಎರೆಮಣ್ಣು ಆಗುತ್ತದೆ; ಬಿಳಿಜೋಳಕ್ಕೆ ಹೆಸರಾದ ಎರೆಹೊಲಗಳ ಬೇರು ಇದು.

ಬಾವಿ ತೋಡಿದ ಮಣ್ಣಿನಲ್ಲಿ ಬಿಳಿ ಚುಕ್ಕೆಗಳ ಕರಿಕಲ್ಲು ಸಿಕ್ಕರೆ, ಚುಕ್ಕೆಯ ಮೇಲೆ ಒಂದು ಹನಿ ಸಾರಗುಂದಿಸಿದ ಆಮ್ಲ ಬಿಟ್ಟು ನೋಡಬಹುದು. ನೊರೆಯೆದ್ದರೆ ಅದು ಕ್ಯಾಲ್ಸೈಟ್. ಏಳದಿದ್ದರೆ ಜಿಯೋಲೈಟ್ ಅಥವಾ ಅಗೇಟ್ ಇರಬಹುದು.