ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಏಕೆ ಬೇಕು?

ಆಟವಾಡುವಾಗ ಬಿದ್ದು ಮಂಡಿ ತರಚಿದರೆ ರಕ್ತ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಒಣಗಿ ಹಕ್ಕಳೆಯಾಗುತ್ತದೆ. ಆದರೆ ರಕ್ತದಾನ ಶಿಬಿರದಲ್ಲಿ ಚೀಲಕ್ಕೆ ತುಂಬಿದ ರಕ್ತವನ್ನು ತಂಪಿನಲ್ಲಿಟ್ಟರೆ 35 ದಿನವಾದರೂ ಅದು ಹೆಪ್ಪುಗಟ್ಟುವುದಿಲ್ಲ! ಎರಡೂ ಮೈಯಿಂದ ಹೊರಬಂದ ರಕ್ತವೇ. ಹಾಗಾದರೆ ಈ ವ್ಯತ್ಯಾಸ ಏಕೆ? ಇದರ ಗುಟ್ಟು ಕ್ಯಾಲ್ಸಿಯಂನಲ್ಲಿದೆ. ನಮ್ಮ ಮೂಳೆ, ಹಲ್ಲುಗಳಲ್ಲಿಯೂ ಸುಣ್ಣದಲ್ಲಿಯೂ ಇರುವ ಲೋಹ ಇದು.

ಹೆಪ್ಪು ಹೇಗೆ ಉಂಟಾಗುತ್ತದೆ?

ರಕ್ತನಾಳ ಹರಿದ ಕೂಡಲೇ ರಕ್ತದಲ್ಲಿರುವ ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ಅದೇ ಸಮಯಕ್ಕೆ ರಕ್ತದಲ್ಲಿ ಸುಮ್ಮನೆ ತೇಲುತ್ತಿದ್ದ ಕೆಲವು ಪ್ರೋಟೀನುಗಳು ಎಚ್ಚರಗೊಂಡು ಕಿಣ್ವಗಳಾಗುತ್ತವೆ. ಒಂದು ಕಿಣ್ವ ಇನ್ನೊಂದನ್ನು, ಅದು ಮತ್ತೊಂದನ್ನು ಎಬ್ಬಿಸುತ್ತಾ ಹೋಗುತ್ತದೆ. ಈ ಸಾಲಿನಲ್ಲಿ ಪ್ರೋಥ್ರಾಂಬಿನ್ ಎಂಬ ಪ್ರೋಟೀನು ಥ್ರಾಂಬಿನ್ ಎಂಬ ಕಿಣ್ವವಾಗುತ್ತದೆ. ಥ್ರಾಂಬಿನ್, ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ನನ್ನು ಫೈಬ್ರಿನ್ ಎಂಬ ಎಳೆಗಳಾಗಿ ಬದಲಿಸುತ್ತದೆ. ಈ ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡಾಗ ಹೆಪ್ಪು ಸಿದ್ಧ!

ಕ್ಯಾಲ್ಸಿಯಂನ ಕೆಲಸವೇನು?

ರಕ್ತದಲ್ಲಿ ಕ್ಯಾಲ್ಸಿಯಂ ಅಯಾನಿನ ರೂಪದಲ್ಲಿರುತ್ತದೆ. ವಿದ್ಯುದಾವೇಶ ಪಡೆದ ಪರಮಾಣುವೇ ಅಯಾನು. ಕ್ಯಾಲ್ಸಿಯಂ ಅಯಾನಿನಲ್ಲಿ 2 ಧನ ಆವೇಶಗಳಿರುತ್ತವೆ.

ಗಾಯವಾದಾಗ ಎಚ್ಚರಗೊಂಡ ಕಿರುತಟ್ಟೆಯ ಹೊರಮೈ ಋಣ ಆವೇಶ ಪಡೆಯುತ್ತದೆ. ಪ್ರೋಥ್ರಾಂಬಿನ್ ಸೇರಿದಂತೆ ಹೆಪ್ಪುಗಟ್ಟಿಸುವ 4 ಪ್ರೋಟೀನುಗಳ ಒಂದು ತುದಿಯಲ್ಲಿಯೂ ಋಣ ಆವೇಶವೇ ಇದೆ. ಆಯಸ್ಕಾಂತದ ಎರಡು ಉತ್ತರ ಧ್ರುವಗಳನ್ನು ಹತ್ತಿರ ತಂದರೆ ಏನಾಗುತ್ತದೆ? ಒಂದನ್ನೊಂದು ದೂರ ತಳ್ಳುತ್ತವೆ. ಇಲ್ಲಿಯೂ ಹಾಗೆಯೇ ಆಗಬೇಕಿತ್ತು. ಆದರೆ ಧನ ಆವೇಶದ ಕ್ಯಾಲ್ಸಿಯಂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ.

ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕ್ಯಾಲ್ಸಿಯಂ ಇಲ್ಲದಾಗ ಪ್ರೋಟೀನಿನ ಆ ತುದಿ ಸಡಿಲವಾಗಿ ಜೋಲಾಡುತ್ತಿರುತ್ತದೆ. ಕೆಲವು ಕ್ಯಾಲ್ಸಿಯಂ ಅಯಾನುಗಳು ಅದರೊಳಗೆ ಸೇರಿದರೆ ಅದು ಮಡಚಿಕೊಂಡು ಬಿಗಿಯಾದ ಆಕಾರ ಪಡೆಯುತ್ತದೆ. ಚಪ್ಪರದ ಗಳುಗಳನ್ನು ಹಗ್ಗದಿಂದ ಬಿಗಿದಂತೆ ಎನ್ನಬಹುದು. ಈ ಆಕಾರ ಬಂದ ಮೇಲೆಯೇ ಅದು ಕಿರುತಟ್ಟೆಯ ಮೈಗೆ ಸರಿಯಾಗಿ ನಾಟಿಕೊಳ್ಳಬಲ್ಲದು.

ಇದರಿಂದ ಏನು ಲಾಭ? ಚದುರಿ ತೇಲುತ್ತಿದ್ದ ಕಿಣ್ವಗಳು ಒಂದೇ ಜಾಗದಲ್ಲಿ ಅಕ್ಕಪಕ್ಕ ಸೇರುತ್ತವೆ. ಜೊತೆಗಾರ ಪ್ರೋಟೀನುಗಳೊಂದಿಗೆ ಹೀಗೆ ಸೇರಿದಾಗ ಥ್ರಾಂಬಿನ್ ತಯಾರಾಗುವ ವೇಗ ಲಕ್ಷ ಪಟ್ಟಿಗೂ ಹೆಚ್ಚುತ್ತದೆ! ಅಷ್ಟೇ ಅಲ್ಲ, ಈ ಕೆಲಸ ಗಾಯವಾದ ಜಾಗದಲ್ಲಿಯೇ ನಡೆಯುತ್ತದೆ. ಮೈಯಲ್ಲಿರುವ ರಕ್ತವೆಲ್ಲ ಹೆಪ್ಪುಗಟ್ಟಿದರೆ ನಾವು ಬದುಕುವುದುಂಟೇ?

ಚೀಲದ ರಕ್ತದ ಗುಟ್ಟು

1890ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಆರ್ಥಸ್ ಮತ್ತು ಪಾಜೆಸ್ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಆಕ್ಸಲೇಟ್ ಎಂಬ ಲವಣವನ್ನು ರಕ್ತಕ್ಕೆ ಬೆರೆಸಿದಾಗ ಅದು ಹೆಪ್ಪುಗಟ್ಟಲಿಲ್ಲ. ಮತ್ತೆ ಕ್ಯಾಲ್ಸಿಯಂ ಸೇರಿಸಿದಾಗ ಹೆಪ್ಪುಗಟ್ಟಿತು! ಆದರೆ ಆಕ್ಸಲೇಟ್ ವಿಷ. ಅದನ್ನು ರೋಗಿಗೆ ಕೊಡುವಂತಿಲ್ಲ. 1914ರಲ್ಲಿ ಬೆಲ್ಜಿಯಂನ ಆಲ್ಬರ್ಟ್ ಹಸ್ಟಿನ್ ಮತ್ತು ಅರ್ಜೆಂಟೀನಾದ ಲೂಯಿಸ್ ಅಗೋಟೆ ಎಂಬ ವೈದ್ಯರು ಅದರ ಬದಲು ಸೋಡಿಯಂ ಸಿಟ್ರೇಟ್ ಬಳಸಿ ರೋಗಿಗಳಿಗೆ ರಕ್ತ ಕೊಟ್ಟರು. ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲದ ಲವಣವೇ ಇದು. ಇಂದಿಗೂ ರಕ್ತದಾನದ ಚೀಲದಲ್ಲಿ ಮೊದಲೇ ತುಂಬಿರುವ ತಿಳಿದ್ರವದಲ್ಲಿ ಸಿಟ್ರೇಟ್ ಇರುತ್ತದೆ. ಅದು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಕಿಣ್ವಗಳಿಗೆ ಅವು ಸಿಗುವುದಿಲ್ಲ.

ಹಾಗಾದರೆ ನಿಂಬೆ ಪಾನಕ ಕುಡಿದರೆ ಗಾಯದ ರಕ್ತ ನಿಲ್ಲುವುದಿಲ್ಲವೇ? ಭಯ ಬೇಡ! ಸಿಟ್ರೇಟನ್ನು ನಮ್ಮ ದೇಹ ಬೇಗನೆ ಬಳಸಿಕೊಳ್ಳುತ್ತದೆ. ಹಾಲು ಹೆಚ್ಚು ಕುಡಿದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆಯೇ? ಅದೂ ಇಲ್ಲ. 100 ಮಿಲಿಲೀಟರ್ ರಕ್ತದ್ರವದಲ್ಲಿ ಸುಮಾರು 10 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಂತೆ ದೇಹವೇ ನೋಡಿಕೊಳ್ಳುತ್ತದೆ. ಕಡಿಮೆಯಾದರೆ ಮೂಳೆಗಳ ಉಗ್ರಾಣದಿಂದ ತೆಗೆದುಕೊಳ್ಳುತ್ತದೆ.

ಹಸುಗೂಸಿಗೆ ಚುಚ್ಚುಮದ್ದು ಏಕೆ?

ಕ್ಯಾಲ್ಸಿಯಂ ಇದ್ದರೆ ಸಾಲದು, ಅದನ್ನು ಹಿಡಿಯುವ ಕೈಯೂ ಪ್ರೋಟೀನಿಗೆ ಇರಬೇಕು. ಆ ಕೈಗಳು ತಯಾರಾಗುವುದು ಯಕೃತ್ತಿನಲ್ಲಿ. ಅದಕ್ಕೆ ಕೆ ವಿಟಮಿನ್ ಬೇಕು. ಅದು ಇಲ್ಲದಿದ್ದರೂ ಪ್ರೋಥ್ರಾಂಬಿನ್ ತಯಾರಾಗುತ್ತದೆ. ಆದರೆ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹಿಡಿಯಲಾರದು. ಇದು ತಿಳಿದದ್ದು 1974ರಲ್ಲಿ. ನಮಗೆ ಕೆ ವಿಟಮಿನ್ ಹಸಿರು ಸೊಪ್ಪು, ಎಲೆಕೋಸುಗಳಿಂದ ದೊರೆಯುತ್ತದೆ. ಆದರೆ ಆಗತಾನೇ ಹುಟ್ಟಿದ ಮಗುವಿನಲ್ಲಿ ಅದು ಬಹಳ ಕಡಿಮೆ. ತಾಯಿಯ ಹಾಲಿನಲ್ಲಿಯೂ ಸ್ವಲ್ಪವೇ ಇರುತ್ತದೆ. ಇದರಿಂದ ಕೆಲವು ಶಿಶುಗಳಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದಲೇ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ದಿನ ಅದರ ತೊಡೆಗೆ ಕೆ ವಿಟಮಿನ್ ಚುಚ್ಚುಮದ್ದು ಕೊಡುತ್ತಾರೆ. ಸಾಮಾನ್ಯವಾಗಿ 1 ಮಿಲಿಗ್ರಾಂ ಸಾಕು!

ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಈ ಚುಚ್ಚುಮದ್ದು ಹಾಕಿಸಿದ್ದರೇ ಎಂದು ಅಮ್ಮನನ್ನು ಕೇಳಿ. ಅದು ಏಕೆ ಬೇಕು ಎಂಬುದನ್ನು ಈಗ ನೀವೇ ಅವರಿಗೆ ವಿವರಿಸಬಹುದು, ಅಲ್ಲವೇ?