ಉಗಿ ಇರುವಾಗ ರೆಂಚು ಹಾಕಬೇಡಿ!

ದೊಡ್ಡಮಳೂರು: ಅಂಬೆಗಾಲು ಕೃಷ್ಣನಿಗೆ ಕೈಮುಗಿದು ಬೆಂಗಳೂರು ದಾರಿ ಹಿಡಿದರೆ ಮೊದಲು ಚನ್ನಪಟ್ಟಣ, ಆಮೇಲೆ ರಾಮನಗರ. ಎಲ್ಲವೂ ರೇಷ್ಮೆ ಸೀಮೆ. ಇಲ್ಲಿ ಬಾಯ್ಲರ್ ಇಟ್ಟುಕೊಂಡ ಫಿಲೇಚರುಗಳಲ್ಲಿ ಗೂಡು ಬೇಯಿಸೋಕೆ ಉಗಿ ಬೇಕು. ಉಗಿ ಹರಿಯೋದು ಕಬ್ಬಿಣದ ಪೈಪಿನಲ್ಲಿ. ಸಣ್ಣ ಪೈಪುಗಳನ್ನು ಒಂದಕ್ಕೊಂದು ಹಿಡಿದಿಡುವುದು ಬರೀ ಥ್ರೆಡ್ಡು!

ಬೇಸಿನ್ ಪಕ್ಕದ ಎಲ್ಬೋ ‘ಸುಯ್’ ಅಂದಿತೆನ್ನಿ. "ಇನ್ನೊಂದು ಸುತ್ತು ಬಿಗಿ ಮಾಡೋ, ನಿಂತುಹೋಗುತ್ತೆ" ಎಂಬ ಕೂಗು. ಗೂಡು ಬೆಂದು ಕೂತಿದೆ, ಕೆಲಸ ನಿಲ್ಲಿಸಿದರೆ ನಷ್ಟ. ಹುಡುಗ ರೆಂಚು ಹಾಕುತ್ತಾನೆ. ಅಪಾಯ ಇರೋದೇ ಅಲ್ಲಿ.

ಲೆಕ್ಕ ನೋಡಿ. ಒಂದು ಇಂಚಿನ ಮಧ್ಯಮ ದರ್ಜೆ ಪೈಪಿನ ದಪ್ಪ 3.2 ಮಿ.ಮೀ. ಥ್ರೆಡ್ ಕೊರೆದಾಗ ಸುಮಾರು ಒಂದೂವರೆ ಮಿ.ಮೀ. ಹೋಯಿತು. ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 2.6 ಮಿ.ಮೀ.ನ ತೆಳು ಪೈಪಾದರೆ ಉಳಿಯೋದು ಬರೀ 1.1! ಅದನ್ನೂ ತುಕ್ಕು ತಿಂದಿದ್ದರೆ? ರೆಂಚಿನ ಒಂದೇ ಎಳೆತಕ್ಕೆ ಪೈಪು ಥ್ರೆಡ್ಡಿನಲ್ಲೇ ಮುರಿಯಬಹುದು. ಮೂರು ಕಿಲೋ ಒತ್ತಡದ ಉಗಿಯ ಬಿಸಿ 140 ಡಿಗ್ರಿ ದಾಟಿರುತ್ತದೆ. ಎದುರಿಗೆ ನೂಲು ಬಿಚ್ಚುವ ಹೆಣ್ಣುಮಕ್ಕಳು ಕೂತಿರುತ್ತಾರೆ.

ಇನ್ನೊಂದು ಕಾಟ, ಹಿಗ್ಗುವಿಕೆ. ಅಷ್ಟು ಬಿಸಿಗೆ ಹತ್ತು ಮೀಟರ್ ಪೈಪು ಸುಮಾರು 14 ಮಿ.ಮೀ. ಉದ್ದವಾಗುತ್ತದೆ. ಬೆಳಿಗ್ಗೆ ಹಿಗ್ಗಿ ಸಂಜೆ ಕುಗ್ಗುವ ಪೈಪಿಗೆ ಬಾಗು, ಆಧಾರ ಕೊಡದಿದ್ದರೆ ಆ ಎಳೆದಾಟವೆಲ್ಲ ಥ್ರೆಡ್ಡಿನ ಮೇಲೆ. ಟೇಪು ಸೋರಿಕೆ ತಡೆದೀತು, ಬಲ ಕೊಡಲಾರದು.

ಹಾಗಾದರೆ ಮಾಡೋದೇನು? ವಾಲ್ವ್ ಮುಚ್ಚಿ, ಒತ್ತಡ ಇಳಿಸಿ, ಪೈಪು ತಣ್ಣಗಾಗಲಿ. ಸೋರುವ ಜಾಗವನ್ನು ಕೈಯಿಂದ ತಡವಬೇಡಿ; ತೂತಿನ ಬಾಯಲ್ಲಿ ಉಗಿ ಕಣ್ಣಿಗೆ ಕಾಣೋದಿಲ್ಲ. ಜೋಡಣೆ ಬಿಚ್ಚಿ, ಥ್ರೆಡ್ ಒರೆಸಿ ನೋಡಿ. ಸವೆದಿದ್ದರೆ ಆ ತುಂಡನ್ನೇ ಬದಲಿಸಿ. ಟೇಪನ್ನು ತಿರುಗುವ ದಿಕ್ಕಿಗೇ ಸುತ್ತಿ, ತುದಿಯ ಮೊದಲ ಸುತ್ತು ಬಿಡಿ. ಬಿಗಿ ಮಾಡಿದ ಮೇಲೆ ಎಲ್ಬೋ ನೇರ ಮಾಡೋಕೆ ಅಂತ ಹಿಂದಕ್ಕೆ ತಿರುಗಿಸಿದಿರೋ, ಸೋರಿಕೆ ಮತ್ತೆ ಹಾಜರ್. ಉಗಿಯನ್ನು ಮೆಲ್ಲಗೆ ಬಿಡಿ. ಪೈಪಿನಲ್ಲಿ ನಿಂತ ನೀರು ಸುತ್ತಿಗೆ ಏಟು ಕೊಡುತ್ತದೆ.

1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಆದರೆ ಪೈಪು ‘ಸುಯ್’ ಅಂದಾಗ ಪಕ್ಕದಲ್ಲಿ ಇನ್‌ಸ್ಪೆಕ್ಟರು ಇರೋದಿಲ್ಲ, ರೆಂಚು ಹಿಡಿದ ಹುಡುಗ ಇರುತ್ತಾನೆ. ಅರ್ಧ ದಿನದ ಗೂಡು ಹೋದರೆ ಮತ್ತೆ ಮಾರುಕಟ್ಟೆಯಲ್ಲಿ ಸಿಗುತ್ತದೆ. ಬೆಂದ ಕೈಗೆ ಯಾವ ಮಾರುಕಟ್ಟೆ?