ಟೈರುಗಳ ಸ್ಥಾನ ಬದಲಾವಣೆ ಹಾಗೂ ಚಕ್ರ ಸಮತೋಲನ: ಅರ್ಹತಾ ಪತ್ರದ ಅರ್ಜಿದಾರರಿಗೆ ಮಾಹಿತಿ

ಮಹಾಲಿಂಗಪುರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಕಬ್ಬು ಮತ್ತು ಬೆಲ್ಲ ಸಾಗಿಸುವ ವಾಹನಗಳಿಗೆ ಬಿಡುವಿರುವುದಿಲ್ಲ. ಇಂತಹ ಸಮಯದಲ್ಲಿ ಅರ್ಹತಾ ಪತ್ರದ ಅವಧಿ ಮುಗಿದು, ತಪಾಸಣೆಗೆ ಹಾಜರುಪಡಿಸಿದ ವಾಹನವು ಒಂದು ಟೈರಿನ ಸವೆತದಿಂದಾಗಿ ಹಿಂದಿರುಗಿದಲ್ಲಿ ಮಾಲೀಕರಿಗೆ ಆಗುವ ನಷ್ಟ ಅಲ್ಪವಲ್ಲ. ಸಾರಿಗೆ ವಾಹನಗಳ ಅರ್ಹತಾ ಪತ್ರವನ್ನು ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ತದನಂತರ ಪ್ರತಿ ವರ್ಷ ನವೀಕರಿಸತಕ್ಕದ್ದು. ಸ್ವಂತ ಬಳಕೆಯ ವಾಹನಗಳಿಗೆ ನೋಂದಣಿಯಾದ 15 ವರ್ಷಗಳ ನಂತರ ಈ ತಪಾಸಣೆ ಅನ್ವಯಿಸುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 94ರಲ್ಲಿ ಟೈರುಗಳ ಸ್ಥಿತಿಗತಿಯ ಬಗ್ಗೆ ವಿವರಿಸಲಾಗಿದೆ. ಕಾರು, ಲಾರಿ ಮುಂತಾದವುಗಳ ಟೈರಿನ ಗೀರಿನ ಆಳವು 1.6 ಮಿ.ಮೀ.ಗಿಂತ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿ.ಮೀ.ಗಿಂತ ಕಡಿಮೆಯಿರಬಾರದು. ಪ್ರತಿಯೊಂದು ಟೈರನ್ನೂ ಪ್ರತ್ಯೇಕವಾಗಿ ಪರಿಗಣಿಸುವುದರಿಂದ ಉಳಿದ ಮೂರು ಟೈರುಗಳು ಉತ್ತಮವಾಗಿವೆ ಎಂಬ ಸಮಜಾಯಿಷಿಗೆ ಅವಕಾಶವಿಲ್ಲ.

ಟೈರುಗಳು ಒಂದೇ ಸಮನೆ ಸವೆಯುವುದಿಲ್ಲ. ಬಹುತೇಕ ಸಣ್ಣ ಕಾರುಗಳಲ್ಲಿ ಇಂಜಿನ್ನಿನ ಶಕ್ತಿ, ತಿರುವಿನ ಒತ್ತಡ ಮತ್ತು ಬ್ರೇಕಿನ ಹೆಚ್ಚಿನ ಪಾಲು ಮುಂದಿನ ಚಕ್ರಗಳ ಮೇಲೆಯೇ ಬೀಳುವುದರಿಂದ ಅವು ಬೇಗ ಸವೆಯುತ್ತವೆ. ಆದುದರಿಂದ ಸುಮಾರು 8,000ದಿಂದ 10,000 ಕಿ.ಮೀ.ಗೊಮ್ಮೆ ಮುಂದಿನ ಟೈರುಗಳನ್ನು ಅದೇ ಪಕ್ಕದಲ್ಲಿ ಹಿಂದಕ್ಕೂ, ಹಿಂದಿನವುಗಳನ್ನು ಎಡಬಲ ಬದಲಿಸಿ ಮುಂದಕ್ಕೂ ಜೋಡಿಸಬೇಕು. ಹಿಂದಿನ ಚಕ್ರಗಳಿಂದ ಚಲಿಸುವ ವಾಹನಗಳಲ್ಲಿ ಈ ಕ್ರಮ ತಿರುಗುಮುರುಗು. ಪಕ್ಕದಲ್ಲಿ ಬಾಣದ ಗುರುತಿರುವ ಟೈರುಗಳನ್ನು ಆಯಾ ಪಕ್ಕದಲ್ಲಿಯೇ ಹಿಂದು ಮುಂದು ಮಾಡತಕ್ಕದ್ದು. ಟ್ರ್ಯಾಕ್ಟರಿನ ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆಯೇ ಬೇರೆಯಾಗಿರುವುದರಿಂದ ಈ ಬದಲಾವಣೆ ಸಾಧ್ಯವಿಲ್ಲ. ಒಂದೇ ಅಳತೆಯ ಟೈರುಗಳುಳ್ಳ ಟ್ರೇಲರಿಗೆ ಸಾಧ್ಯ. ಲಾರಿಗಳ ಹಿಂಬದಿಯ ಜೋಡಿ ಟೈರುಗಳಲ್ಲಿ ಹೊಸದನ್ನೂ ಹಳೆಯದನ್ನೂ ಒಟ್ಟಿಗೆ ಜೋಡಿಸಿದಲ್ಲಿ ದೊಡ್ಡದರ ಮೇಲೆ ಹೆಚ್ಚು ಭಾರ ಬಿದ್ದು ಅದು ಬಿಸಿಯಾಗಿ ಸಿಡಿಯುವ ಸಂಭವವಿರುತ್ತದೆ.

ಚಕ್ರ ಸಮತೋಲನವು ಬೇರೆಯೇ ಕೆಲಸ. ಚಕ್ರದ ಸುತ್ತ ತೂಕ ಸಮನಾಗಿ ಹಂಚಿಕೆಯಾಗದಿದ್ದಲ್ಲಿ ವೇಗ ಹೆಚ್ಚಿದಂತೆ ಸ್ಟೇರಿಂಗ್ ನಡುಗುತ್ತದೆ, ಟೈರು ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆಯುತ್ತದೆ ಮತ್ತು ಬೇರಿಂಗುಗಳಿಗೆ ಪೆಟ್ಟಾಗುತ್ತದೆ. ಯಂತ್ರದಲ್ಲಿ ಚಕ್ರವನ್ನು ತಿರುಗಿಸಿ, ಕೊರತೆಯಿರುವ ಕಡೆ ರಿಮ್ಮಿಗೆ ಸಣ್ಣ ಲೋಹದ ತೂಕಗಳನ್ನು ಅಂಟಿಸಿ ಇದನ್ನು ಸರಿಪಡಿಸಲಾಗುತ್ತದೆ. ಹೊಸ ಟೈರು ಜೋಡಿಸಿದಾಗ ಹಾಗೂ ಪಂಕ್ಚರ್‌ಗಾಗಿ ಟೈರನ್ನು ರಿಮ್ಮಿನಿಂದ ಬಿಚ್ಚಿದಾಗಲೆಲ್ಲ ಇದು ಅಗತ್ಯ. ಆದರೆ ಟೈರಿನ ಒಂದು ಅಂಚು ಮಾತ್ರ ಸವೆದಿದ್ದಲ್ಲಿ ದೋಷವು ಚಕ್ರಗಳ ಜೋಡಣೆಯ ಕೋನದಲ್ಲಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಅಲೈನ್‌ಮೆಂಟ್ ಮಾಡಿಸಬೇಕಾಗುತ್ತದೆ.

ತಪಾಸಣೆಯ ಹಿಂದಿನ ದಿನ ಸವೆದ ಟೈರನ್ನು ಮುಂದಿನಿಂದ ಹಿಂದಕ್ಕೆ ಹಾಕಿದ ಮಾತ್ರಕ್ಕೆ ಅದು ಹೊಸದಾಗದು. ಮಿತಿ ಮೀರಿ ಸವೆದಿದ್ದನ್ನು ಬದಲಿಸಿಯೇ ವಾಹನವನ್ನು ಹಾಜರುಪಡಿಸುವುದು. ಸ್ಥಾನ ಬದಲಾವಣೆಯ ನಂತರ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ನಿಗದಿಯಾದ ಗಾಳಿಯ ಒತ್ತಡವನ್ನು ಹೊಂದಿಸಿ, ಸುಮಾರು 50ರಿಂದ 100 ಕಿ.ಮೀ. ಚಲಿಸಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸುವುದು.